ಮದುಮಗಳ ಜೀಪು ಹಿಂದಕ್ಕೆ ಹೋದ ದಿನ

ಮೊನ್ನೆ ಮೂಡುಬಿದಿರೆ ಪೇಟೆಯಲ್ಲಿ, ಅಕಾಲ ಮಳೆಗೆ ನೆನೆದ ಗೋಣಿಚೀಲಗಳನ್ನು ಅಂಗಡಿಯೊಂದರ ಎದುರು ಒಣಗಲು ಹರವಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ರಸ್ತೆ ಬದಿಯಲ್ಲೇ ನಿಂತುಬಿಟ್ಟೆ. ಮದುವೆ ಎಂದರೆ ಎಲ್ಲರಿಗೂ ಮಲ್ಲಿಗೆಯ ಪರಿಮಳ ನೆನಪಾಗುತ್ತದಂತೆ. ನನಗೆ ಒದ್ದೆ ಗೋಣಿ...

ನನ್ನ ತವರು ತೋಡಾರು. ಮದುವೆಯಾಗಿ ಹೋದದ್ದು ನಾರಾವಿಯಿಂದಲೂ ಒಳಗೆ, ಗುಡ್ಡದ ಮೇಲಿನ ಮನೆಗೆ. ಧಾರೆ, ಊಟ ಮುಗಿಸಿ ಹೊರಟ ದಿಬ್ಬಣ ಸಂಜೆಯ ಹೊತ್ತಿಗೆ ಮನೆಯ ಕೆಳಗಿನ ತೋಡಿಗೆ ತಲುಪಿತು. ಆಗ ಅಲ್ಲಿ ಸೇತುವೆ ಇರಲಿಲ್ಲ. ತೋಡು ದಾಟಿದರೆ ಏರು, ಏರು ಹತ್ತಿದರೆ ಅಂಗಳ. ನಾನೂ ಗಂಡನೂ ಕೂತಿದ್ದ ಬಾಡಿಗೆ ಜೀಪಿನ ಮುಂದೆ ಹೊಳೆಯುವ ಸ್ಟೀಲಿನ ಗಾರ್ಡು, ಅದರ ತುಂಬ ಹೂವಿನ ಮಾಲೆ. ಅಷ್ಟು ಅಲಂಕಾರ ಮಾಡಿಕೊಂಡು ಬಂದ ಜೀಪು ನೀರಿಗಿಳಿದದ್ದೇ ಮುಂದಿನ ಚಕ್ರಗಳನ್ನು ಕೆಸರಿನಲ್ಲಿ ಹೂತುಕೊಂಡು ಕೂತಿತು. ಡ್ರೈವರ್ ಒತ್ತಿದಷ್ಟೂ ಇನ್ನಷ್ಟು ಕೆಳಗೆ ಹೋಯಿತು.

ಆಚೆ ದಡದಲ್ಲಿ ನನ್ನ ಮೈದುನ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. ಗಂಡಸರು, ಜೀಪಿನಿಂದ ಇಳಿದಿದ್ದ ನನ್ನ ಗಂಡನೂ ಸೇರಿ, ಉಕ್ಕಿನ ರೋಪನ್ನು ತಂದು ಆ ಹೊಳೆಯುವ ಗಾರ್ಡಿಗೆ ಕಟ್ಟಿದರು. ಒಬ್ಬೊಬ್ಬರದು ಒಂದೊಂದು ಸಲಹೆ. ಗಾಜಿನ ಹಿಂದೆ ಕೂತಿದ್ದ ನನಗೆ, ಒಮ್ಮೆ ಮನೆ ಮುಟ್ಟಿದರೆ ಸಾಕಾಗಿತ್ತು.

ಆಗ ದಿಬ್ಬಣದ ಕೊನೆಯಲ್ಲಿದ್ದ ಹಳೆಯ ಜೀಪಿನಿಂದ ಒಬ್ಬ ಹೆಂಗಸು ಇಳಿದು ಬಂದರು. ಪಕ್ಕದ ಗುಡ್ಡದ ರಬ್ಬರ್ ತೋಟದವರು. ಊರಿಗೆಲ್ಲ ಅವರು ಜೀಪಿನ ಅಕ್ಕ. ತನ್ನಷ್ಟು ಚೆನ್ನಾಗಿ ಜೀಪು ಬಿಡುವವರು ಬೆಳ್ತಂಗಡಿ ತಾಲೂಕಿನಲ್ಲೇ ಇಲ್ಲವೆಂದು ಹೇಳಲು ಅವರಿಗೆ ಸಾಕ್ಷಿ ಬೇಕಾಗುತ್ತಿರಲಿಲ್ಲ, ಅವರ ಬಾಯಿಯೇ ಸಾಕಿತ್ತು. ಬಂದವರು ಮುಂದೆ ಬಗ್ಗಿ ನೋಡಿದರು. ಆಮೇಲೆ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆಸರಿನಲ್ಲಿ ಅಂಗಾತ ಮಲಗಿ, ಹಿಂದಿನಿಂದ ಜೀಪಿನ ಅಡಿಗೆ ಜಾರಿದರು. ಕೆಳಗಿನಿಂದ ಸ್ಪಾನರ್ ಬಡಿಯುವ ಸದ್ದು ಕೇಳುತ್ತಿತ್ತು. ನಾನು ಕತ್ತು ಹೊರಗೆ ಹಾಕಿ ನೋಡಿದರೆ ಎರಡು ಪಾದ ಮಾತ್ರ ಕಾಣುತ್ತಿದ್ದವು. ರೇಷ್ಮೆ ಸೀರೆಯನ್ನು ಯಾರಾದರೂ ಹಾಗೆ ಬಳಸಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಗಾರ್ಡಿಗೆ ಕಟ್ಟಿದ್ದು ಯಾರು? ಅದು ಹೂ ಹಾಕ್ಲಿಕ್ಕೆ ಇರುವುದು ಮಾರಾಯ, ಎಳೀಲಿಕ್ಕೆ ಅಲ್ಲ. ಬಿಚ್ಚಿ!" ಎಂದರು ಎದ್ದು ಬಂದು.

ಕೆಳಗೆ ಒಂದು ಕಬ್ಬಿಣದ ಬಳೆ ಇದೆಯಲ್ಲ ಎಂದು ಡ್ರೈವರ್ ತೋರಿಸಿದ.

"ಅದು ಲಾರಿಯಲ್ಲಿ ತರುವಾಗ ಅಲುಗಾಡದ ಹಾಗೆ ಕಟ್ಟಿ ಹಾಕ್ಲಿಕ್ಕೆ. ಹಿಂದೆ ಚಾಸಿಸ್‌ಗೇ ಬೋಲ್ಟ್ ಹಾಕಿದ ಹುಕ್ಕು ಉಂಟು. ಗಟ್ಟಿ ಇರುವುದು ಅದೊಂದೇ. ನನ್ನ ಜೀಪಿನಿಂದ ಹಿಂದಕ್ಕೆ ಎಳೆಯುವ."

ಆರತಿ ತಟ್ಟೆ ಸಿದ್ಧ ಮಾಡಿ ಅಂಗಳದಲ್ಲಿ ಕಾಯುತ್ತಿದ್ದ ಅತ್ತೆ ಗಲಾಟೆ ಕೇಳಿ ದಡಕ್ಕೆ ಬಂದಿದ್ದರು. ಅವರ ಕಣ್ಣಲ್ಲಿ ನೀರು.

"ಬಾಗಿಲವರೆಗೆ ಬಂದ ಮದುಮಗಳನ್ನು ಹಿಂದಕ್ಕೆ ಎಳೆಯುವುದಾ? ಬೇಡ, ನಿನ್ನ ದಮ್ಮಯ್ಯ."

ಅಕ್ಕ ವಾದ ಮಾಡಲಿಲ್ಲ. ಅತ್ತೆಯ ಕೈಹಿಡಿದು ನೀರಿಗಿಳಿಸಿ, ಆ ಕೈಯನ್ನು ಗಾರ್ಡಿನ ಮೇಲೆ ಇಟ್ಟರು. "ನೀವೇ ಆಡಿಸಿ ನೋಡಿ ಅತ್ತಿಗೆ." ಅತ್ತೆ ಆಡಿಸಿದರು. ಅದು ಗಡಗಡ ಅಂದಿತು. "ಇದು ಕಿತ್ತು ಹಾರಿದರೆ ಟ್ರ್ಯಾಕ್ಟರಿನಲ್ಲಿ ಕೂತವನಿಗೆ ಬಡೀತದೆ. ರೋಪು ಕಡಿದರೆ ಈ ಹುಡುಗಿಯ ಮುಖಕ್ಕೆ ಬರ್ತದೆ. ಯಾರು ಬೇಡ ನಿಮಗೆ?"

ಅತ್ತೆ ಗಾರ್ಡನ್ನು ಇನ್ನೊಮ್ಮೆ ಆಡಿಸಿದರು. ಟ್ರ್ಯಾಕ್ಟರಿನಲ್ಲಿ ಕೂತಿದ್ದ ಮಗನನ್ನು ನೋಡಿದರು, ನನ್ನನ್ನು ನೋಡಿದರು. ಕೊನೆಗೆ, "ಮಗಾ, ಇಳಿ" ಎಂದರು ಅವನಿಗೆ.

ಅಕ್ಕ ನನ್ನ ಕಡೆಗೆ ಬಂದು ಕೈ ಚಾಚಿದರು. "ನೀನು ಸಹ ಇಳಿ ಮಗಳೇ. ಹಿಂದೆ ಹೋಗುವುದು ಜೀಪು ಮಾತ್ರ. ನೀನು ಮುಂದೆ ನಡಿ."

ನಾನು ಇಳಿದೆ. ಮೊಣಕಾಲಿನವರೆಗೆ ನೀರು. ಭಯದ ನಡುವೆಯೂ ಒಳಗೊಳಗೆ ಏನೋ ಖುಷಿ. ಅಕ್ಕ ಎಲ್ಲರನ್ನೂ ಗದರಿಸಿ ದೂರ ಓಡಿಸಿದರು, ನ್ಯೂಟ್ರಲ್‌ಗೆ ಹಾಕಿಸಿ ಡ್ರೈವರನನ್ನೂ ಇಳಿಸಿದರು. ತಮ್ಮ ಜೀಪನ್ನು ಹತ್ತಿರ ತಂದು ಹಿಂದಿನ ಹುಕ್ಕಿಗೆ ರೋಪು ಬಿಗಿದು, ಅದರ ಮೇಲೆ ತೋಡಿನಲ್ಲಿ ಅದ್ದಿದ ಗೋಣಿಗಳನ್ನು ಹೊದೆಸಿದರು, ತುಂಡಾದರೂ ಮೇಲಕ್ಕೆ ಹಾರದಿರಲಿ ಎಂದು. ಆಮೇಲೆ ತಮ್ಮ ಜೀಪನ್ನು ಎಷ್ಟು ನಿಧಾನವಾಗಿ ಬಿಟ್ಟರೆಂದರೆ ಅದು ಚಲಿಸುತ್ತಿರುವುದೇ ತಿಳಿಯುತ್ತಿರಲಿಲ್ಲ. ಒಂದೇ ಒಂದು ಜಗ್ಗು ಇಲ್ಲ. ರೋಪು ಬಿಗಿಯಿತು, ಗೋಣಿಗಳಿಂದ ನೀರು ಜಿನುಗಿತು... ಹೂತಿದ್ದ ಜೀಪು ಮಲಗಿದ್ದ ಎಮ್ಮೆಯಂತೆ ಸಾವಕಾಶ ಎದ್ದು ಹಿಂದಕ್ಕೆ ಹೋಯಿತು. ಅಂಥ ಧೈರ್ಯವನ್ನೂ ಅಂಥ ತಾಳ್ಮೆಯನ್ನೂ ಒಬ್ಬರಲ್ಲೇ ನಾನು ಮತ್ತೆಂದೂ ಕಂಡಿಲ್ಲ.

ಏರು ಹತ್ತುವಾಗ ನನ್ನ ಕೈಹಿಡಿದು ನಡೆಸಿದ್ದೂ ಅವರೇ. ಆದರೆ ಅಂಗಳದ ಅಂಚು ಬಂದದ್ದೇ ಕೈ ಬಿಟ್ಟು, ದೂರ ಹೋಗಿ ಕಟ್ಟಿಗೆ ರಾಶಿಯ ಪಕ್ಕ ನಿಂತರು. ಆರತಿ ಮುಗಿಯುವವರೆಗೆ ಹತ್ತಿರ ಬರಲಿಲ್ಲ.

ಯಾಕೆಂದು ಅತ್ತೆ ಆಮೇಲೆ ಹೇಳಿದರು. ಅಕ್ಕನ ಗಂಡ ಹೂತುಹೋದ ಮರದ ಲಾರಿಯೊಂದನ್ನು ಇದೇ ಜೀಪಿನಿಂದ ಎಳೆಯುತ್ತಿದ್ದಾಗ, ಲಾರಿಯ ಬಂಪರು ಕಿತ್ತು ಬಂದು ಅವರಿಗೆ ಬಡಿದಿತ್ತಂತೆ. ಅವರು ಉಳಿಯಲಿಲ್ಲ. ಆ ಜೀಪನ್ನು ಮಾರಿಬಿಡು ಎಂದು ಎಲ್ಲರೂ ಹೇಳುತ್ತಿದ್ದಾಗ ಅಕ್ಕ ಅದನ್ನೇ ಬಿಡಲು ಕಲಿತರಂತೆ. ಶುಭಕಾರ್ಯಗಳಲ್ಲಿ ಮಾತ್ರ ತಾವಾಗಿಯೇ ಹಿಂದೆ ನಿಲ್ಲುತ್ತಿದ್ದರು. ಅಷ್ಟು ದೊಡ್ಡ ಬಾಯಿಯವರು ಈ ಒಂದು ವಿಷಯದಲ್ಲಿ ಚಕಾರ ಎತ್ತುತ್ತಿರಲಿಲ್ಲ.

ಈಗ ನನ್ನ ಮಗನ ಮದುವೆ ನಿಶ್ಚಯವಾಗಿದೆ. ಮಾತುಕತೆ ಶುರುವಾದಾಗ ಅತ್ತೆ ಅಕ್ಕನನ್ನು ಕರೆಸಿ, "ಬರುವ ಸೊಸೆಗೆ ಆರತಿ ಎತ್ತುವುದು ನೀನೇ. ಯಾರಿಗೆ ಆಗುವುದಿಲ್ಲವೋ ಅವರು ಊಟಕ್ಕೆ ಬಂದರೆ ಸಾಕು" ಎಂದಿದ್ದರು. ಅಕ್ಕ, "ಯಾವ ಸೀರೆ ಉಡುದು?" ಎಂದು ಕೇಳಿದರು. ನಾನೂ ಅಕ್ಕನೂ ಮೂಡುಬಿದಿರೆಗೆ ಹೋಗಿ ಹಸಿರು ರೇಷ್ಮೆ ತಂದೆವು.

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ, ಜ್ವರವೆಂದು ಮಲಗಿದ ಅಕ್ಕ ಮತ್ತೆ ಏಳಲಿಲ್ಲ. ಸೀರೆಯ ಮಡಿಕೆ ಬಿಚ್ಚಿರಲಿಲ್ಲ.

ಮದುವೆ ಮುಂದಿನ ತಿಂಗಳು. ಆರತಿ ಯಾರು ಎತ್ತುವುದೆಂದು ಕೇಳಿದರೆ ಅತ್ತೆ ಕೇಳಿಸದವರ ಹಾಗೆ ಎದ್ದು ಒಳಗೆ ಹೋಗುತ್ತಾರೆ. ನಾನೂ ಕೇಳುವುದನ್ನು ಬಿಟ್ಟಿದ್ದೇನೆ.