ಗೂಬೆಗಿಂತ ದೊಡ್ಡ ಗರಗಸ

ಹೊಟ್ಟೆಕಿಚ್ಚು ಅಂದರೇನು ಅಂತ ನೀವು ಪುಸ್ತಕದಲ್ಲಿ ಓದಿರಬಹುದು. ನಾನು ಕಣ್ಣಾರೆ ಕಂಡಿದ್ದೇನೆ, ಅದರಲ್ಲಿ ಮೈ ಕಾಯಿಸಿಕೊಂಡೂ ಇದ್ದೇನೆ. ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಚಳಿಗಾಲದ ಬೆಳಿಗ್ಗೆ ತನ್ನ ಕೆಲಸದ ಕೋಣೆಯ ಕಿಟಕಿಯಲ್ಲಿ ನಿಂತು ಎದುರಂಗಡಿಯನ್ನು ನೋಡುತ್ತಿದ್ದರೆ, ಅವನ ಹೊಟ್ಟೆಯ ಉರಿಗೆ ಪಕ್ಕದ ಡಬ್ಬಿಯಲ್ಲಿ ಚಳಿಗೆ ಗಟ್ಟಿಯಾಗಿದ್ದ ಮರದ ಅಂಟು ತಾನಾಗಿ ಕರಗುತ್ತಿತ್ತು. ಒಲೆ ಹಚ್ಚುವ ಕೆಲಸವೇ ಇಲ್ಲ. ನಂಬದವರು ನನ್ನ ನಾದಿನಿಯನ್ನು ಕೇಳಿ. ಅವಳು ಇಲ್ಲ ಅಂದರೆ ಅಂಟನ್ನೇ ಕೇಳಿ.

ಅವನ ಕಸುಬು ಮರದಲ್ಲಿ ಬಾತುಕೋಳಿ ಕೆತ್ತುವುದು. ಬೀದಿಯವರೆಲ್ಲ ಅವನನ್ನು ಬಾತು ಅಂತಲೇ ಕರೆಯುತ್ತಿದ್ದರು. ಎದುರಂಗಡಿಯವನು ಗೂಬೆ ಕೆತ್ತುತ್ತಿದ್ದ. ಅವನನ್ನು ಏನಂತ ಕರೆಯುತ್ತಿದ್ದರು ಅಂತ ಬೇರೆ ಹೇಳಬೇಕಾಗಿಲ್ಲ. ಇಬ್ಬರೂ ಒಬ್ಬರೇ ಮೇಸ್ತ್ರಿಯ ಕೈಕೆಳಗೆ ಕಲಿತವರು. ಮೇಸ್ತ್ರಿ ಒಂದು ಸಲ ಗೂಬೆಯ ಉಳಿಯನ್ನು ಬೆರಳ ಮೇಲೆ ಆಡಿಸಿ “ಪರವಾಗಿಲ್ಲ, ಚೂಪಾಗಿದೆ” ಅಂದಿದ್ದರಂತೆ. ಬಾತುವಿನ ಉಳಿ ನೋಡಿ ಬರೀ ಕೆಮ್ಮಿದ್ದರಂತೆ. ಮೇಸ್ತ್ರಿ ತೀರಿಹೋಗಿ, ಅವರ ಮಕ್ಕಳ ತಲೆ ನರೆತರೂ ಆ ಕೆಮ್ಮು ಇವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಗೂಬೆ ಬಾಗಿಲಿಗೆ ಬಣ್ಣ ಹೊಡೆದರೆ ಇವನು ಗೋಡೆಗೆ ಹೊಡೆಸುತ್ತಿದ್ದ. ಗೂಬೆ ಸೀನಿದರೆ ಇವನು ನಶ್ಯ ಹಾಕಿಕೊಂಡಾದರೂ ಅದಕ್ಕಿಂತ ಜೋರಾಗಿ ಸೀನುತ್ತಿದ್ದ.

ಕೆತ್ತುವುದಕ್ಕೆ ಮೊದಲು ದಪ್ಪ ಮರದ ತುಂಡಿನಿಂದ ಬಾತಿನ ಆಕಾರವನ್ನು ಕೊಯ್ದು ತೆಗೆಯಬೇಕು. ಕಣ್ಣಿಲ್ಲ, ರೆಕ್ಕೆಯಿಲ್ಲ, ಬರೀ ಮೈ, ಕತ್ತು, ಕೊಕ್ಕಿನ ಮೊಂಡು. ಅವರ ಮನೆಯಲ್ಲಿ ಅದಕ್ಕೆ ‘ಬೋಳು’ ಅನ್ನುತ್ತಾರೆ. ಬೋಳು ಕೊಯ್ಯಲು ಅವನ ಹತ್ತಿರ ಒಂದು ಕಮಾನು ಗರಗಸ ಇತ್ತು. ಮರದ ಚೌಕಟ್ಟು, ಮೇಲೆ ಬಿಗಿಯಾಗಿ ತಿರುಚಿದ ಹುರಿ, ಕೆಳಗೆ ಹುಲ್ಲೆಸಳಿನಷ್ಟು ಸಣ್ಣ ಬ್ಲೇಡು. ಅದನ್ನು ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ. ಅವನ ಮಗಳು ಪುಟ್ಟಿ, ಹೆಸರಿಗಷ್ಟೇ ಪುಟ್ಟಿ, ಆಗಲೇ ಅಪ್ಪನಿಗಿಂತ ಒಂದು ಗೇಣು ಎತ್ತರ. ವರ್ಷಗಟ್ಟಲೆ ಅವನ ಪಕ್ಕದಲ್ಲೇ ಕೂತು ಕೆತ್ತಿದವಳು. ಅವಳು ರೆಕ್ಕೆಯ ಗೆರೆ ಬಿಡಿಸಬಹುದು, ಕಣ್ಣು ಇಡಬಹುದು, ಉಪ್ಪುಕಾಗದ ಉಜ್ಜಿ ಬೆನ್ನು ನುಣುಪು ಮಾಡಬಹುದು. ಗರಗಸ ಮಾತ್ರ ಅಪ್ಪನದು.

ಹೀಗಿರುವಾಗ ಗೂಬೆ ಒಂದು ಬ್ಯಾಂಡ್‌ಸಾ ಅನ್ನುವ ಗರಗಸದ ಮಷೀನು ತಂದ. ಮೇಲೊಂದು ಕೆಳಗೊಂದು ಚಕ್ರ, ಎರಡಕ್ಕೂ ಸುತ್ತಿಕೊಂಡು ಓಡುವ ಉದ್ದನೆಯ ಬ್ಲೇಡು. ಅದು ಝೊಂಯ್ ಅಂದರೆ ಸಾಕು, ಬೋಳು ಗೂಬೆಗಳು ಬಾಗಿಲ ಬಳಿ ಸಾಲುಗಟ್ಟುತ್ತಿದ್ದವು. ಇವನ ಕಿಟಕಿಗೆ ಸರಿಯಾಗಿ ಮುಖ ಮಾಡಿಕೊಂಡು. ಅದನ್ನಾದರೂ ಇವನು ಸಹಿಸಿಕೊಳ್ಳುತ್ತಿದ್ದ. ಆದರೆ ಒಂದು ಸೋಮವಾರ ಪುಟ್ಟಿ ತನ್ನ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ರಸ್ತೆ ದಾಟಿ ಗೂಬೆಯ ಹತ್ತಿರ ಕೆಲಸಕ್ಕೆ ಸೇರಿಬಿಟ್ಟಳು. ಊಟಕ್ಕೂ ನಿದ್ದೆಗೂ ಮನೆಗೇ ಬರುತ್ತಾಳೆ, ಅಪ್ಪನ ತಟ್ಟೆಗೆ ತಾನೇ ಬಡಿಸುತ್ತಾಳೆ, ಆದರೆ ಕೆಲಸ ಅಲ್ಲಿ. ಯಾಕೆ ಅಂತ ಇವನು ಕೇಳಲಿಲ್ಲ. ಕೇಳಿದರೆ ಎಲ್ಲಿ ಉತ್ತರ ಸಿಕ್ಕಿಬಿಡುತ್ತದೋ ಅನ್ನುವ ಭಯ.

ಸೀದಾ ನನ್ನ ಹತ್ತಿರ ಬಂದ.

“ಭಾವ, ಆ ಮಷೀನು ನನ್ನ ಮಗಳನ್ನ ಎಳ್ಕೊಂಡುಬಿಡ್ತು.”

“ಮಷೀನಿಗೆ ಕೈ ಇದೆಯೇನೋ?”

“ತಮಾಷೆ ಬೇಡ. ನಂಗೂ ಒಂದು ಬೇಕು. ಅದನ್ನ ನೋಡಿದ್ರೆ ಅವಳು ತಾನಾಗಿ ವಾಪಸ್ ಬರಬೇಕು, ಅಂಥದ್ದು.”

ಯಂತ್ರಗಳ ಅಂಗಡಿಗೆ ಹೋದೆವು. ಅಂಗಡಿಯಾಕೆ ಕನ್ನಡಕವನ್ನು ತಲೆಗೇರಿಸಿ, ತಾಳ್ಮೆಯಿಂದ ವಿಚಾರಿಸಿದರು.

“ಏನು ಕೊಯ್ತೀರಿ ನೀವು?”

“ಬಾತುಕೋಳಿ.”

ಆಕೆ ನನ್ನ ಮುಖ ನೋಡಿದರು. “ಮರದ್ದಮ್ಮ,” ಅಂದೆ.

“ತೆಳು ಹಲಗೆ ಆದ್ರೆ ಇದು ಸಾಕು,” ಅಂತ ಮೇಜಿನ ಮೇಲೆ ಕೂರುವ ಒಂದು ಪುಟ್ಟ ಗರಗಸ ತೋರಿಸಿದರು. ಬ್ಲೇಡು ದಾರದ ಹಾಗಿತ್ತು. ಮದುವೆಗೆ ಹೆಣ್ಣು ಕೇಳಿದವನಿಗೆ ಬೊಂಬೆ ತೋರಿಸಿದ ಹಾಗೆ ಇವನ ಮುಖ ಗಂಟಾಯಿತು. ಆಕೆ ಮುಂದುವರಿಸಿದರು. “ದಪ್ಪ ಮರ ಆದ್ರೆ ಬ್ಯಾಂಡ್‌ಸಾನೇ ಬೇಕು. ಎಷ್ಟು ದಪ್ಪ? ತಿರುವು ಎಷ್ಟು ಸಣ್ಣದು?”

“ಅದಿರಲಿ. ನಮ್ಮ ಎದುರಂಗಡಿಯವನು ನಿಮ್ಮ ಹತ್ರಾನೇ ತಗೊಂಡಿದ್ದು. ಅವನದು ಯಾವುದು?”

ಆಕೆ ಸೊಂಟದೆತ್ತರದ ಒಂದನ್ನು ತೋರಿಸಿದರು.

“ಅದಕ್ಕಿಂತ ದೊಡ್ಡದು?”

ಹಿಂದಿನ ಗೋಡೆಗೆ ಒಂದು ನಿಂತಿತ್ತು. ಅದರ ಚಕ್ರದ ಮೇಲೆ ಒಂದು ಸಣ್ಣ ಸಂಸಾರ ಗುಡಿಸಲು ಹಾಕಿಕೊಂಡು ಇರಬಹುದಿತ್ತು. ಬ್ಲೇಡು ಎರಡು ಬೆರಳಗಲ.

“ಇದು ದಿಮ್ಮಿಯಿಂದ ಹಲಗೆ ಸೀಳೋರಿಗೆ,” ಅಂದರು ಆಕೆ. “ಅಗಲದ ಬ್ಲೇಡು ನೆಟ್ಟಗೆ ಹೋಗೋಕೆ ಮಾತ್ರ. ಬಸ್ಸು ಗಲ್ಲಿಯೊಳಗೆ ತಿರುಗುತ್ತಾ? ಹಾಗೆ. ನಿಮ್ಮ ಬಾತಿನ ಕತ್ತು ತಿರುಗಿಸೋಕೆ ಸಣ್ಣ ಬ್ಲೇಡೇ ಬೇಕು.”

“ಅವನಿಗೆ ಯಾವುದು ಕೊಟ್ರಿ?”

“ಸಣ್ಣದೇ.”

“ಹಾಗಾದ್ರೆ ನಂಗೆ ಬಸ್ಸೇ ಇರಲಿ.”

ಆಕೆ ಬಿಲ್ಲು ಬರೆದರು. ಇದೇ ಮಷೀನಿಗೆ ಹೊಂದುವ ಒಂದು ಸಣ್ಣ ಬ್ಲೇಡನ್ನು ಸುರುಳಿ ಸುತ್ತಿ ಜೊತೆಗೆ ಕೊಟ್ಟರು. ಮನೆಗೆ ಬಂದವನು ಅದನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ.

ಮಷೀನು ಒಳಗೆ ಹೋಗಬೇಕಾದರೆ ಬಾಗಿಲಿನ ಚೌಕಟ್ಟು ಬಿಚ್ಚಬೇಕಾಯಿತು. ಅದು ಒಳಗೆ ನಿಂತ ಮೇಲೆ ಮನುಷ್ಯರು ನಿಲ್ಲುವುದಕ್ಕೆ ಉಳಿದಿದ್ದು ಒಂದು ಚಾಪೆಯಷ್ಟು ಜಾಗ. ನನ್ನ ನಾದಿನಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ಚೆನ್ನಾಗಿದೆ. ಇನ್ಮೇಲೆ ಮಷೀನು ಒಳಗಿರಲಿ, ನೀವು ಬೀದಿಯಲ್ಲಿ ಕೂತು ಕೆತ್ತಿ.”

“ನಿಂಗೇನು ಗೊತ್ತು. ಕಿಟಕಿ ತೆಗಿ. ಎರಡೂ ಬಾಗಿಲು.”

ಕಿಟಕಿ ತೆಗೆದಳು. ಎದುರಿಗೆ ಗೂಬೆಯೂ ಪುಟ್ಟಿಯೂ ತಲೆಯೆತ್ತಿ ನೋಡಿದರು. ಇವನು ಗುಂಡಿ ಒತ್ತಿದ. ಆ ಗರ್ಜನೆಗೆ ಬೀದಿಯ ನಾಯಿಗಳೆಲ್ಲ ಊರು ಬಿಟ್ಟು ಹೋದವು, ಅದರಲ್ಲಿ ಒಂದು ಇವತ್ತಿಗೂ ಬಂದಿಲ್ಲ. ಮರದ ಮೇಲೆ ಬರೆದ ಗೆರೆ ಹಿಡಿದು ಬಾತಿನ ಬೆನ್ನಿನ ತನಕ ಬ್ಲೇಡು ಬೆಣ್ಣೆ ಕೊಯ್ದ ಹಾಗೆ ಹೋಯಿತು. ಕತ್ತಿನ ಹತ್ತಿರ ಬಂತು ನೋಡಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇವನು ತಿರುಗಿಸುತ್ತಾನೆ, ಬ್ಲೇಡು ನೆಟ್ಟಗೇ ಹೋಗುತ್ತದೆ. ಬಾತಿನ ತಲೆ ಕೆಳಗೆ ಬಿತ್ತು. ಎರಡನೆಯದಕ್ಕೂ ಅದೇ ಗತಿ. ಮೂರನೆಯದಕ್ಕೆ ಹುಷಾರಾಗಿ ತಿರುವನ್ನೇ ದೊಡ್ಡದು ಮಾಡಿದ. ಆ ಬಾತಿಗೆ ಕತ್ತು ಮೈಯಷ್ಟೇ ದಪ್ಪ ಬಂತು. ಇನ್ನೊಂದನ್ನು ಹಲ್ಲು ಕಚ್ಚಿ ಬಲವಾಗಿ ತಿರುಚಿದ. ಬ್ಲೇಡು ಢಮ್ ಅಂತ ಚಕ್ರದಿಂದ ಜಾರಿ ಬಿತ್ತು.

ಗುಂಡಿ ಆರಿಸಿದ್ದು ನಾನು. ಅವನ ಬೆರಳೆಲ್ಲ ಸರಿಯಾಗಿವೆಯೋ ಅಂತ ನೋಡುವಷ್ಟರಲ್ಲಿ ಪುಟ್ಟಿ ರಸ್ತೆ ದಾಟಿ ಓಡಿಬಂದಿದ್ದಳು. ಮೊದಲು ಅಪ್ಪನ ಎರಡೂ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನೆಲದ ಮೇಲೆ ಬಿದ್ದಿದ್ದ ತಲೆಯಿಲ್ಲದ ಬಾತುಗಳನ್ನು ನೋಡಿದಳು.

“ಅಪ್ಪ, ಇಸ್ತ್ರಿಪೆಟ್ಟಿಗೆ ಮಾಡೋಕೆ ಯಾವಾಗ ಶುರು ಮಾಡಿದ್ರಿ?”

“ಮಷೀನು ಸರಿಯಿಲ್ಲ.”

“ಮಷೀನು ಸರಿಯಾಗೇ ಇದೆ. ಬ್ಲೇಡು ಅಗಲ ಆಯ್ತು. ಸಣ್ಣದು ಕೊಟ್ಟಿಲ್ವಾ?” ಬಾಗಿಲ ಹಿಂದೆ ನೋಡಿದಳು. “ಇದೆಯಲ್ಲ. ಇದನ್ಯಾಕೆ ಮೊಳೆಗೆ ಹಾಕಿದೀರಿ?”

“ಅದು ಗೂಬೆ ಅಳತೆ.”

ಪುಟ್ಟಿ ನನ್ನ ಕಡೆ ತಿರುಗಿದಳು. “ದೊಡ್ಡಪ್ಪ, ನೀವಾದ್ರೂ ಹೇಳಬಾರದಿತ್ತಾ?”

“ಹೇಳಿದ್ರೆ ಕೇಳೋಕೆ ಅವನ ಕಿವಿ ಇಲ್ಲಿತ್ತಾ ಮಗಳೇ? ಎದುರಂಗಡಿಯಲ್ಲಿತ್ತು.”

ಆಗ ಅವನು, ಇಷ್ಟು ದಿನ ನುಂಗಿಕೊಂಡಿದ್ದನ್ನು, ನೆಲದಲ್ಲಿ ಬಿದ್ದ ಬಾತಿನ ತಲೆಯನ್ನು ನೋಡಿಕೊಂಡೇ ಕೇಳಿದ. “ಆ ಮಷೀನಿಗೋಸ್ಕರ ತಾನೆ ನೀನು ಹೋಗಿದ್ದು? ಈಗ ಇಲ್ಲೂ ಇದೆ. ಅದಕ್ಕಿಂತ ದೊಡ್ಡದೇ ಇದೆ.”

“ಮಷೀನು ಅಂತ ಅಲ್ಲಪ್ಪ. ಅಲ್ಲಿ ಕೊಯ್ಯೋದು ನಾನು.”

“ಅಂದ್ರೆ?”

“ಬೋಳು ಕೊಯ್ಯೋದು ನಾನು, ಕೆತ್ತೋದು ನಾನು. ಮೊದಲಿಂದ ಕೊನೇವರೆಗೂ ಗೂಬೆ ನನ್ನದು. ಇಲ್ಲಿ ನಿಮ್ಮ ಗರಗಸದ ಧೂಳು ಒರೆಸೋಕೂ ಬಿಡ್ತಿರಲಿಲ್ಲ. ನೀವು ಕೊಯ್ದ ಬಾತಿಗೆ ನಾನು ಕಣ್ಣು ಇಡ್ತಿದ್ದೆ, ಅಷ್ಟೇ.”

ನನ್ನ ನಾದಿನಿ ಒಳಗಿನಿಂದ, “ಹೇಳ್ದೆನಲ್ಲ ನಾನು,” ಅಂದಳು. ಅವಳು ಏನನ್ನೂ ಹೇಳಿರಲಿಲ್ಲ.

ಬಾತು ಮೊಳೆಯಿಂದ ಸಣ್ಣ ಬ್ಲೇಡಿನ ಸುರುಳಿ ತೆಗೆದ. ಆಮೇಲೆ ಮಗಳ ಕೈಗೆ ಕೊಟ್ಟ. “ಹಾಕು. ನೋಡೋಣ.”

“ನೀವು ಆಚೆ ನಿಂತ್ಕೋಬೇಕು.”

“ಆಚೆ ಅಂದ್ರೆ?”

“ಬೀದಿಯಲ್ಲಿ. ಪಕ್ಕದಲ್ಲಿದ್ರೆ ನಿಮ್ಮ ಕೈ ಸುಮ್ಮನಿರಲ್ಲ.”

ಹೊರಗೆ ಹೋದ. ಅಲ್ಲಿ ಗೂಬೆ ಆಗಲೇ ಬಂದು ತೆರೆದ ಕಿಟಕಿಯೊಳಗೆ ಮೂಗು ತೂರಿಸಿಕೊಂಡು ನಿಂತಿದ್ದ. ಇಬ್ಬರೂ ಅಕ್ಕಪಕ್ಕ ನಿಂತಿದ್ದನ್ನು ಮೇಸ್ತ್ರಿಯ ಕಾಲದ ನಂತರ ನಾನು ನೋಡಿದ್ದು ಅವತ್ತೇ. ಒಳಗೆ ಪುಟ್ಟಿ ಬ್ಲೇಡು ಬಿಗಿದು, ಚಕ್ರವನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ ನೋಡಿ, ಆಮೇಲೆ ಗುಂಡಿ ಒತ್ತಿದಳು. ಬಾತಿನ ಕತ್ತು ಅವಳ ಕೈಯಲ್ಲಿ ನೀರಿನ ಮೇಲೆ ತಿರುಗಿದ ಹಾಗೆ ತಿರುಗಿತು.

“ನನ್ನ ಮಷೀನಿನ ಹತ್ರ ಇಷ್ಟು ನಗ್ತಿರಲಿಲ್ಲ ಅವಳು,” ಅಂತ ಗೂಬೆ ಗೊಣಗಿದ.

ಬಾತುವಿನ ಮುಖ ಹಬೆಯಾಡುವ ಇಡ್ಲಿಯ ಹಾಗೆ ಅರಳಿತು. ಆದರೆ ಅದು ಎಷ್ಟು ಹೊತ್ತು? ಪುಟ್ಟಿ ಬೋಳನ್ನು ಕಿಟಕಿಯಿಂದ ಹೊರಗೆ ಚಾಚಿದಳು. ಎರಡು ಜೊತೆ ಕೈ ಒಟ್ಟಿಗೆ ಮುಂದೆ ಬಂದವು. ಅವಳು ಕೊಟ್ಟಿದ್ದು ಗೂಬೆಗೆ.

“ಚಿಕ್ಕಪ್ಪ, ಬೆಳಿಗ್ಗೆ ನಾನು ಇಲ್ಲಿ ಕೊಯ್ತೀನಿ. ಊಟ ಆದ್ಮೇಲೆ ನಿಮ್ಮಲ್ಲಿಗೆ ಬರ್ತೀನಿ. ಒಪ್ಪಿದ್ರೆ ಅದನ್ನ ಅಪ್ಪನಿಗೆ ಕೊಡಿ.”

ಗೂಬೆ ಬೋಳಿನ ಕತ್ತಿನ ಮೇಲೆ ಬೆರಳಾಡಿಸಿ ನೋಡಿ, ಕೆಮ್ಮಿ, ಇವನ ಕೈಗಿಟ್ಟ.

ಅವತ್ತಿನಿಂದ ಹಾಗೇ ನಡೆದಿದೆ. ಬೆಳಿಗ್ಗೆ ಬಾತು ಬೀದಿಯಲ್ಲಿ ಸ್ಟೂಲು ಹಾಕಿಕೊಂಡು ಕೂತು, ಮಗಳು ಕೊಯ್ದ ಬೋಳುಗಳಿಗೆ ಕಣ್ಣು ಇಡುತ್ತಾನೆ. ಮಧ್ಯಾಹ್ನ ಅವಳು ರಸ್ತೆ ದಾಟಿ, ಎದುರಿಗೆ ಸಣ್ಣ ಮಷೀನು ಝೊಂಯ್ ಅನ್ನುತ್ತಿದ್ದ ಹಾಗೆ, ಇವನು ಒಳಗೆ ಹೋಗಿ ತನ್ನದನ್ನೂ ಚಾಲೂ ಮಾಡುತ್ತಾನೆ. ಕೊಯ್ಯುವುದಕ್ಕೆ ಏನೂ ಇರುವುದಿಲ್ಲ. ಕಿಟಕಿಯ ಎರಡೂ ಬಾಗಿಲು ತೆಗೆದು, ಕೈ ಕಟ್ಟಿಕೊಂಡು, ಅದು ಬರಿದೇ ಗರ್ಜಿಸುವುದನ್ನು ಕೇಳುತ್ತಾ ನಿಂತಿರುತ್ತಾನೆ.