ಮುಂದಿನ ಸೀಟು, ಎರಡು ಲೋಟ ಕಾಫಿ

ನಾನು ಓದು ಬಿಟ್ಟಿದ್ದು ೧೯೩೧ರಲ್ಲಿ, ಮೂರನೇ ಕ್ಲಾಸಿಗೆ. ಅಂದಿನಿಂದ ಬಾವಿ ತೋಡಿ ಬದುಕಿದವನು, ಇವತ್ತು ಕೋಲಾರದಲ್ಲಿ, ಪೆಟ್ರೋಲಿಲ್ಲದೆ ಹಿಂಬದಿಯ ಒಲೆಯಲ್ಲಿ ಇದ್ದಿಲು ಉರಿಸಿ ಅದರ ಗ್ಯಾಸಿನಿಂದ ಓಡುವ ಬಸ್ಸು ಹತ್ತಿ ಡ್ರೈವರನ ಪಕ್ಕದ ಸೀಟಿನಲ್ಲೇ ಕೂತೆ. ಶ್ರೀನಿವಾಸಪುರದಲ್ಲಿ ಕಾಯುವ ಭಾಮೈದುನರು ನನ್ನನ್ನು ಅಲ್ಲೇ ನೋಡಬೇಕೆಂಬುದು ನನ್ನ ಹಟ. ಸೀಟಿನ ಅಂತಸ್ತಿಗೆ ತಕ್ಕಂತೆ ಇರಲೆಂದು ಹೋಟೆಲಿನಲ್ಲಿ ಎರಡು ಲೋಟ ಕಾಫಿಯನ್ನೂ ಕುಡಿದಿದ್ದೆ.

ಹೋಳೂರು ದಾಟುವಷ್ಟರಲ್ಲಿ ಒಂದಕ್ಕೆ ಅವಸರವಾಗಿ ಕೂರಲಾಗಲಿಲ್ಲ. ಹಿಂದೆ ಕೂತಿದ್ದ ಅಜ್ಜಿಯೊಬ್ಬಳು ನನ್ನ ಒದ್ದಾಟ ನೋಡಿದಳು.

“ಏಮಪ್ಪಾ, ಕಾಪಿ ಕುಡ್ದ್ಯಾ? ನಾನು ಬೆಳಗ್ಗೆ ಅಂಬಲಿಗೆ ಉಪ್ಪು, ಮಜ್ಜಿಗೆ ಹಾಕ್ಕೊಂಡು ಒಂದು ಚೊಂಬು ಕುಡ್ದೆ. ಅದು ಮಧ್ಯಾಹ್ನದವರೆಗೂ ಮೈಯಾಗೇ ಇರ್ತದೆ. ನಿನ್ನ ಕಾಪಿ ತಾನು ಹೋಗೋದಲ್ದೆ ಒಳಗಿರೋ ನೀರನ್ನೂ ಕರ್ಕೊಂಡು ಹೋಗ್ತದೆ!”

ಬಸ್ಸೆಲ್ಲ ನಕ್ಕಿತು. ನಾನು ಮರ್ಯಾದೆ ಬಿಟ್ಟು, “ನಿಲ್ಸಪ್ಪಾ” ಎಂದು ಡ್ರೈವರನನ್ನು ಬೇಡಿಕೊಂಡೆ.

“ದಿಬ್ಬದಾಗೆ ನಿಲ್ಸಿದ್ರೆ ಗ್ಯಾಸ್ ಸತ್ತೋಗ್ತದೆ ಸ್ವಾಮಿ. ಮೆಲ್ಲಗೆ ಬಿಡ್ತೀನಿ, ಮುಗಿಸ್ಕೊಂಡು ಓಡಿ ಬಂದ್ಬಿಡಿ.”

ಇಳಿದು ಬೇಲಿಯ ಮರೆಗೆ ಹೋದೆ. ಮುಗಿಸಿ ಓಡುವಾಗ ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು. ಕೈಗೆ ಸಿಕ್ಕಿದ್ದು ಬಸ್ಸಿನ ಹಿಂಬದಿಯ ಏಣಿ, ಇದ್ದಿಲು ಒಲೆಯ ಪಕ್ಕದಲ್ಲಿ. ಊರು ಬರುವವರೆಗೂ ಅದಕ್ಕೇ ಜೋತುಬಿದ್ದಿದ್ದೆ.

ಶ್ರೀನಿವಾಸಪುರದಲ್ಲಿ ಭಾಮೈದುನರು ಮುಂದಿನ ಬಾಗಿಲಿಗೇ ಓಡಿದರು. ನನ್ನ ಸೀಟಿನಿಂದ ಅಜ್ಜಿ ಇಳಿದಳು.

“ನಮ್ಮ ಭಾವ ಎಲ್ಲಜ್ಜೀ?”

“ಹಿಂದೆ ಒಲೆ ಹತ್ರ ನೋಡ್ರಪ್ಪಾ, ಬೇಯ್ತಾ ಅವ್ನೆ.”

ಈಗ ನನ್ನ ಬಳಿ ಇರುವುದು ಮಸಿ ಹಿಡಿದ ಶರ್ಟು ಒಂದು, ಎಡಗಾಲಿನ ಚಪ್ಪಲಿ ಒಂದು, ನಕ್ಕು ನಕ್ಕು ಸುಸ್ತಾದ ಭಾಮೈದುನರು ಮೂವರು.