ಲಕೋಟೆಯ ಮೇಲಿದ್ದ ಹೆಸರು

ಹೈದರಾಬಾದಿನ ಮಿಯಾಪುರದ ಮೆಟ್ರೋ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಶಿವದೇವಿಯ ರೊಟ್ಟಿ ಅಂಗಡಿ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಆಕೆಯ ದನಿ ಬರುವ ಕಡೆ ನಡೆದರಾಯಿತು. ಸೇಡಂ ಕಡೆಯ ಹೆಣ್ಣುಮಗಳು. ಗಂಡ ಬಂಡೆಪ್ಪನ ನೌಕರಿಯ ಬೆನ್ನು ಹತ್ತಿ ಬಂದು, ಅಪಾರ್ಟ್‌ಮೆಂಟಿನ ಹುಡುಗರಿಗೆ ನಾಲ್ಕು ರೊಟ್ಟಿ ಕಟ್ಟಿಕೊಡುತ್ತ ಶುರು ಮಾಡಿದವಳು, ಈಗ ಖಡಕ್ ರೊಟ್ಟಿಯನ್ನು ಪ್ಯಾಕೆಟ್ ಮಾಡಿ ಮಾರುತ್ತಾಳೆ. ನಾಲಿಗೆ ಹರಿತ, ಕೈ ಧಾರಾಳ. ಹೆಪ್ಪು ಕೇಳಿ ಬಂದವರಿಗೆ ಇಲ್ಲ ಅನ್ನಬಾರದು ಎಂದು ಅತ್ತೆ ಕಲಿಸಿದ್ದಳು. ಸೊಸೆ ಆ ಪಾಠವನ್ನು ಹೆಪ್ಪಿಗಷ್ಟೇ ಬಿಡದೆ ಕೊಡೆ, ಕುಕ್ಕರು, ಕಂಡವರ ಫೋನ್ ನಂಬರು, ಎಲ್ಲಕ್ಕೂ ಹಚ್ಚಿಕೊಂಡಳು.

ಹೊಸ ಪ್ಯಾಕೆಟ್ಟಿಗೆ ಫೋಟೋ ಬೇಕಾದಾಗ ಮಣಿಕೊಂಡದಿಂದ ಪದ್ಮನಾಭನನ್ನು ಕರೆಸಿದಳು. ಮೈಸೂರಿನ ಹುಡುಗ, ಹೋಟೆಲುಗಳ ಊಟ ತಿಂಡಿಯ ಫೋಟೋ ತೆಗೆಯುವುದೇ ಅವನ ಕಸುಬು. ಅವನು ರೊಟ್ಟಿ ಬಿಟ್ಟು, ಒಲೆ ಮುಂದೆ ಕೂತು ಬಡಿಯುತ್ತಿದ್ದ ಸೂಗಮ್ಮನ ಕಡೆ ಕ್ಯಾಮೆರಾ ತಿರುಗಿಸಿದ. ಒಂಬತ್ತು ವರ್ಷದಿಂದ ಅಲ್ಲಿ ರೊಟ್ಟಿ ಬಡಿಯುತ್ತಿದ್ದ ವಿಧವೆ ಆಕೆ. ಮೊದಲು ಒಲ್ಲೆ ಎಂದಳು. ಮಗಳು ಗೋದಾವರಿಯ ಮದುವೆಯಲ್ಲಿ, ತಾಯಿ ಹೈದರಾಬಾದಿನಲ್ಲಿ ತಮ್ಮನ ಮನೆಯಲ್ಲಿ ಆರಾಮಾಗಿದ್ದಾಳೆ ಎಂದು ಬೀಗರಿಗೆ ಹೇಳಿಯಾಗಿತ್ತು.

"ಪ್ಯಾಕೀಟು ಈ ಅಂಗಡಿ ದಾಟಂಗಿಲ್ಲ ತಗೋ. ಯಾರು ನೋಡ್ತಾರ ನಿನ್ನ," ಎಂದು ಶಿವದೇವಿಯೇ ಒಪ್ಪಿಸಿದಳು.

ಪದ್ಮನಾಭ ಅದನ್ನೆಲ್ಲ ಕೇಳಿಸಿಕೊಂಡು ಒಂದು ಕಾಗದ ಬರೆದು ಮುಂದಿಟ್ಟ. ಶಿವದೇವಿ ಗ್ಯಾಸಿನವನ ಜೊತೆ ಜಗಳಾಡುತ್ತಲೇ ಹಿಟ್ಟಿನ ಕೈಯಲ್ಲಿ ಸಹಿ ಹಾಕಿದಳು. ಓದುವುದೇನಿದೆ? ಮದುವೆ ಫೋಟೋದವನು ರೊಕ್ಕ ಇಸಿದುಕೊಂಡು ಆಲ್ಬಮ್ ಕೊಟ್ಟು ಹೋಗುತ್ತಾನೆ. ಆಮೇಲೆ ಅದನ್ನು ಯಾರಿಗೆ ಕೊಟ್ಟೆ ಎಂದು ಕೇಳಲು ಬರುತ್ತಾನೆಯೇ? ಇದೂ ಹಾಗೇ ಎಂದುಕೊಂಡಳು. ವಾರದ ಮೇಲೆ ಅವನು ಪ್ಯಾಕೆಟ್ಟಿನ ಚಿತ್ರಗಳನ್ನು ಕಳಿಸಿ, ಒಂದು ದೊಡ್ಡ ಲಕೋಟೆಯನ್ನೂ ಗಲ್ಲಾದ ಮೇಲಿಟ್ಟು ಹೋದ. ಅದರಲ್ಲಿ ಸೂಗಮ್ಮನ ದೊಡ್ಡ ಫೋಟೋ ಇತ್ತು.

ಆ ಫೋಟೋ ಎರಡು ದಿನವೂ ಅಲ್ಲಿ ಉಳಿಯಲಿಲ್ಲ. ಶಂಶಾಬಾದಿನಲ್ಲಿ ಜೋಳದ ಹಿಟ್ಟಿನ ಗಿರಣಿ ಇಟ್ಟಿದ್ದ ದೊಡ್ಡಪ್ಪನ ಮಗ ಅಮರೇಶಪ್ಪ ಬಂದವನು, "ಭಾಳ ಛಲೋ ಬಂದೈತಿ, ನನಗ ಕೊಡವಾ," ಎಂದ. ಶಿವದೇವಿ ಹೆಪ್ಪು ಕೊಟ್ಟಷ್ಟು ಸಲೀಸಾಗಿ ಕೊಟ್ಟಳು.

ಎರಡು ತಿಂಗಳಾಗಿತ್ತು. ಒಂದು ಮಧ್ಯಾಹ್ನ, ಅಂಗಡಿ ತುಂಬ ಗಿರಾಕಿಗಳಿರುವಾಗ ಪದ್ಮನಾಭ ಬಂದ.

"ಅಕ್ಕ, ಶಂಶಾಬಾದಿನ ಹೆದ್ದಾರಿ ಪಕ್ಕ ಒಂದು ದೊಡ್ಡ ಬೋರ್ಡಿದೆ. ಅದರಲ್ಲಿ ನಾನು ತೆಗೆದ ಫೋಟೋ ಇದೆ," ಎಂದು ತಗ್ಗಿದ ದನಿಯಲ್ಲಿ ಹೇಳಿದ.

"ನಮ್ಮ ಅಣ್ಣಂದು ಗಿರಣಿ ಅದು. ನಾನ ಕೊಟ್ಟೀನಿ. ಏನೀಗ?"

"ಪ್ಯಾಕೆಟ್ಟಿಗೆ ಮಾತ್ರ ಅಂತ ಮಾತಾಗಿತ್ತಲ್ಲ ಅಕ್ಕ."

ಶಿವದೇವಿಗೆ ಸಿಟ್ಟು ನೆತ್ತಿಗೇರಿತು. "ರೊಕ್ಕಾ ಎಣಿಸಿ ತಗೊಂಡೀರಿ. ರೊಟ್ಟಿ ನಂದು, ಒಲಿ ನಂದು, ಬಡಿಯಾಕಿ ನಮ್ಮಾಕಿ. ನೀವು ಗುಂಡಿ ಒತ್ತಿದ ಮಾತ್ರಕ್ಕ ಫೋಟೋ ನಿಮ್ಮದಾಗತೈತೇನು? ಒಂದ ಕೆಲಸಕ್ಕ ಎರಡ ಸಲ ಸುಲಿಯಾಕ ಬಂದೀರಿ?" ಅಷ್ಟಕ್ಕೇ ನಿಲ್ಲಲಿಲ್ಲ ಮಹಾತಾಯಿ. ಕನ್ನಡ ಬಾರದ ಗಿರಾಕಿಗಳಿಗೂ ತಿಳಿಯಲೆಂದು ಅದನ್ನೇ ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದಳು.

ಪದ್ಮನಾಭನ ಕಿವಿ ಕೆಂಪಾದವು. ಚೀಲದಿಂದ ಆ ಕಾಗದ ತೆಗೆದ. "ದುಡ್ಡು ಕೇಳೋಕೆ ಬಂದಿಲ್ಲ ಅಕ್ಕ. ಬೇರೆಲ್ಲಾದ್ರೂ ಹಾಕಬೇಕಾದ್ರೆ ಕೇಳಬೇಕು ಅಂತ ನಾವಿಬ್ರೂ ಬರೆದುಕೊಂಡಿದ್ವಿ. ಈ ಸಾಲು ಅವರಿಗೋಸ್ಕರ ಬರೆದಿದ್ದೆ. ಓದಿ."

ಸೂಗಮ್ಮನವರ ಮುಖವಿರುವ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಬೇರೆಲ್ಲೂ ಬಳಸತಕ್ಕದ್ದಲ್ಲ ಎಂದಿತ್ತು. ಕೆಳಗೆ ಶಿವದೇವಿಯ ಸಹಿ, ಸಹಿಯ ಪಕ್ಕ ಒಣಗಿದ ಹಿಟ್ಟಿನ ಬೆರಳಚ್ಚು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಸೂಗಮ್ಮ ಬಾಗಿಲಿಗೆ ಬಂದಳು.

"ಬಿಡ್ರಿ ಅಕ್ಕಾರ, ಆ ತಮ್ಮಗ ಬೈಬ್ಯಾಡ್ರಿ. ಆಗೂದು ಆಗಿ ಹೋಗೈತಿ. ಅಳಿಯಗೋಳು ಅವರಣ್ಣನ್ನ ಏರ್‌ಪೋರ್ಟಿಗೆ ಬಿಡಾಕ ಬಂದಾಗ ದಾರ್ಯಾಗ ಆ ಬೋರ್ಡ್ ನೋಡ್ಯಾರಂತ. ಸೋಮವಾರ ಗೋದಾವರಿ ಫೋನ್ ಮಾಡಿದ್ಳು."

"ಏನಂದ್ರಂತ?"

"ಏನಿಲ್ರಿ. ನಿನ್ನ ಸ್ವಾದರಮಾವನ ಮನ್ಯಾಗ ರೊಟ್ಟಿ ಭಾಳ ಬಡಸ್ತಾರೇನು ಅಂತ ಕೇಳಿ, ಮನಿಮಂದಿ ಎಲ್ಲ ನಕ್ಕರಂತ."

ಅಂದು ಶುಕ್ರವಾರ. ನಾಲ್ಕು ದಿನದಿಂದ ಈ ಹೆಂಗಸು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು, ದಿನಕ್ಕೆ ಇನ್ನೂರು ರೊಟ್ಟಿ ಬಡಿದಿದ್ದಳು. ಶಿವದೇವಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆಯ ಧನ ಅಳಿಯ ದಾನ ಮಾಡಿದ ಅಂತಾರಲ್ಲ, ಅದಕ್ಕಿಂತ ಕಡೆ ತಾನು ಮಾಡಿದ್ದು. ಅಳಿಯ ಕೊಟ್ಟದ್ದು ಧನ, ಇವಳು ಕೊಟ್ಟದ್ದು ಇನ್ನೊಬ್ಬಳ ಮುಖ. "ಯಾರು ನೋಡ್ತಾರ" ಎಂದವಳೂ ತಾನೇ. ಪದ್ಮನಾಭನ ಕೈ ಹಿಡಿದು ತಪ್ಪಾಯಿತು ಎಂದಳು. ಆಮೇಲೆ, ಬೈದಿದ್ದನ್ನು ತೆಲುಗಿನಲ್ಲೂ ಬೈದಿದ್ದಳಲ್ಲ, ತಪ್ಪು ನನ್ನದೇ ಎಂಬುದನ್ನೂ ಗಿರಾಕಿಗಳೆದುರು ತೆಲುಗಿನಲ್ಲೇ ಹೇಳಿದಳು. ಅಮರೇಶಪ್ಪನಿಗೆ ಫೋನು ಮಾಡಿ, ಸಂಜೆಯೊಳಗೆ ಬೋರ್ಡು ಇಳಿಸದಿದ್ದರೆ ತಾನೇ ಬಂದು ಹರಿಯುತ್ತೇನೆ ಎಂದಳು. ಅವನು ಗೊಣಗುತ್ತ ಒಪ್ಪಿಕೊಂಡ.

ಗಿರಾಕಿಗಳು ಕರಗಿದ ಮೇಲೆ ಸೂಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು.

"ಎಲ್ಲಾರೂ ನೋಡಿದ್ರಂತ, ನಾನ ನೋಡಿಲ್ರಿ. ಪ್ಯಾಕೀಟಿನ ಮ್ಯಾಲ ಭಾಳ ಸಣ್ಣದೈತಿ. ನನಗೊಂದು ದೊಡ್ಡದು ಕೊಡಸ್ತೀರೇನ್ರಿ ಅಕ್ಕಾರ?"

ತಗೋ ಅನ್ನಲು ಶಿವದೇವಿಗೆ ಬಾಯಿ ಬರಲಿಲ್ಲ. ಹುಟ್ಟಿದಂದಿನಿಂದ ಕೊಡುವ ಮುಂಚೆ ಯಾರನ್ನೂ ಕೇಳದವಳು, ಹೊರಟು ನಿಂತಿದ್ದ ಪದ್ಮನಾಭನತ್ತ ತಿರುಗಿದಳು. "ತಮ್ಮಾ, ಸೂಗಮ್ಮಗ ಒಂದು ಕೊಡಬಹುದೇನಪಾ?"

ಪದ್ಮನಾಭ ಬೆರಗಾದ. "ಅವರಿಗೆ ಅಂತ ಅವತ್ತೇ ಕೊಟ್ಟಿದ್ದೆನಲ್ಲ ಅಕ್ಕ. ಲಕೋಟೆ ಮೇಲೆ ಹೆಸರೂ ಬರೆದಿದ್ದೆ."

ಗಲ್ಲಾದ ಖಾನೆಯಲ್ಲಿ ಲಕೋಟೆ ಇನ್ನೂ ಇತ್ತು. ಅದರ ಮೇಲೆ ಶಿವದೇವಿ ಬರೆದಿಟ್ಟ ಫೋನ್ ನಂಬರುಗಳ ಅಡಿಯಲ್ಲಿ, ದುಂಡಗೆ ಬರೆದ ಸೂಗಮ್ಮನವರಿಗೆ ಎಂಬ ಅಕ್ಷರಗಳು ಕಂಡವು. ಅದನ್ನು ಹಿಡಿದುಕೊಂಡು ಎರಡು ಹೆಜ್ಜೆ ಇಟ್ಟಳು.

"ಅದು ನಿಂದ ಆಗಿತ್ತು ಸೂಗಮ್ಮ. ನಿಂದನ್ನ ಒಯ್ದು ಕೊಟ್ಟುಬಿಟ್ಟೀನಿ."

ಸೂಗಮ್ಮ ಖಾಲಿ ಲಕೋಟೆಯನ್ನು ಇಸಿದುಕೊಂಡು ಒಮ್ಮೆ ಒಳಗೆ ಇಣುಕಿ ನೋಡಿದಳು. ಆಮೇಲೆ ಒಲೆಯ ಮೇಲೆ ಹೆಂಚು ಕಾಯುತ್ತಿದೆ ಎಂದು ಒಳಗೆ ಹೋದಳು.